ಕಟ್ ಆದದ್ದು, ಕಟ್ಟದೆ ಉಳಿದದ್ದು

ಆದಾಯ ತೆರಿಗೆ ಇಲಾಖೆಯ ಇ-ಮೇಲ್ ಬಂದದ್ದು ಸೆಪ್ಟೆಂಬರಿನ ಒಂದು ಮಂಗಳವಾರ. ಬೆಳಗಿನ ಪಾಳಿಯ ಸುದ್ದಿಗಳು ಹೋಗಿ, ಡೆಸ್ಕು ಚಹಾಕ್ಕೆ ಎದ್ದ ಹೊತ್ತು. ನಮ್ಮದು ಮೊಬೈಲಿನಲ್ಲಿ ಓದುವ ಸುದ್ದಿಗಳನ್ನು ನಾಲ್ಕು ಭಾಷೆಗಳಲ್ಲಿ ಸಿದ್ಧಪಡಿಸುವ ಸಂಸ್ಥೆ. ತೆಲುಗು ನಾಡಿನ ರಾಜಧಾನಿಯ ಅಮೀರ್‌ಪೇಟಿನಲ್ಲಿ ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿ ನಮ್ಮ ಕಚೇರಿ. ಕನ್ನಡ ಡೆಸ್ಕಿನಲ್ಲಿ ಒಂಬತ್ತು ಜನ. ನಾನು ಅದರ ಮುಖ್ಯ ಉಪಸಂಪಾದಕ.

ಇ-ಮೇಲಿನ ಪ್ರಿಂಟ್ ಹಿಡಿದು ನನ್ನ ಮೇಜಿಗೆ ಬಂದವರು ನಮ್ಮ ಪ್ರೂಫ್ ರೀಡರ್. ತೆರೆಯ ಮೇಲಿನ ಅಕ್ಷರವನ್ನು ಅವರು ನಂಬುತ್ತಿರಲಿಲ್ಲ, ಏನಿದ್ದರೂ ಕಾಗದಕ್ಕೆ ಇಳಿಸಿಯೇ ಓದುವುದು. ಡೆಸ್ಕಿನಲ್ಲಿ ಎಲ್ಲರಿಗೂ ಅವರು ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಕೆಂಪು ಪೆನ್ನು ಹಿಡಿದವರಿಗೆ ಆ ಹೆಸರು ತಾನಾಗಿ ಅಂಟಿಕೊಂಡಿತ್ತು. ಊರು ರಾಯಚೂರು ಕಡೆ, ವಾಸ ನಗರದ ಇನ್ನೊಂದು ಕೊನೆಯ ಕುಷಾಯಿಗೂಡ. ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು.

"ಸರ, ಇದನ್ನ ಒಮ್ಮಿ ನೋಡ್ರಿ. ನಾ ಓದಿದ್ದು ತಪ್ಪೋ, ಅವರು ಬರದಿದ್ದು ತಪ್ಪೋ ತಿಳಿವಲ್ದು."

ಅವರು ಓದಿದ್ದು ಸರಿಯಾಗಿತ್ತು. ಹಿಂದಿನ ಹಣಕಾಸು ವರ್ಷದ ತೆರಿಗೆಯಲ್ಲಿ ನಲವತ್ತೈದು ಸಾವಿರ ಚಿಲ್ಲರೆ ಬಾಕಿ ಇದೆ, ಮೂವತ್ತು ದಿನಗಳೊಳಗೆ ಪಾವತಿಸಿ ಎಂದು ಇಲಾಖೆ ಕೇಳಿತ್ತು. ನನ್ನ ಖಾತೆ ತೆರೆದು ನೋಡಿದೆ. ನನಗೂ ಅಂಥದೇ ಬಂದಿತ್ತು, ಮೊತ್ತ ಮಾತ್ರ ಬೇರೆ. ಸಂಜೆಯೊಳಗೆ ಒಂಬತ್ತರಲ್ಲಿ ಏಳು ಜನರಿಗೆ ಬಂದಿತ್ತು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಲಾಖೆಯ ಜಾಲತಾಣದಲ್ಲಿ 26ಎಎಸ್ ಎಂಬ ಪಟ್ಟಿ ಇರುತ್ತದೆ. ನಮ್ಮ ಪ್ಯಾನ್ ಸಂಖ್ಯೆಯ ಮೇಲೆ ಯಾರು ಎಷ್ಟು ತೆರಿಗೆಯನ್ನು ಸರ್ಕಾರಕ್ಕೆ ಸಲ್ಲಿಸಿದ್ದಾರೆ ಎಂಬುದು ಅದರಲ್ಲಿ ಸಾಲುಸಾಲಾಗಿ ಕಾಣುತ್ತದೆ. ನಮ್ಮ ಪಟ್ಟಿಯಲ್ಲಿ ಏಪ್ರಿಲ್, ಮೇ, ಜೂನ್ ಮೂರು ಸಾಲು ಮಾತ್ರ ಇದ್ದವು. ಮುಂದಿನ ಒಂಬತ್ತು ತಿಂಗಳು ಖಾಲಿ. ಸಂಬಳದ ಚೀಟಿಯಲ್ಲಿ ಆ ಒಂಬತ್ತೂ ತಿಂಗಳು ತೆರಿಗೆ ಹಿಡಿದದ್ದು ಅಚ್ಚಾಗಿತ್ತು. ಚೀಟಿ ನೋಡಿಕೊಂಡು ನಾವು ರಿಟರ್ನ್ ತುಂಬಿದ್ದೆವು; ಇಲಾಖೆ ತನ್ನ ಪಟ್ಟಿ ನೋಡಿಕೊಂಡು ಬಾಕಿ ಕೇಳಿತ್ತು.

ಸಂಸ್ಥೆ ಜೂನಿನಲ್ಲಿ ಕೊಟ್ಟಿದ್ದ ಫಾರ್ಮ್ 16 ಅನ್ನು ಆಗ ತೆಗೆದು ನೋಡಿದೆ. ಅದರಲ್ಲಿ ಎರಡು ಭಾಗಗಳಿರಬೇಕು. ಮೊದಲ ಭಾಗವನ್ನು ಇಲಾಖೆಯ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು, ಅದಕ್ಕೊಂದು ಪ್ರಮಾಣಪತ್ರ ಸಂಖ್ಯೆ ಇರುತ್ತದೆ, ಸಲ್ಲಿಸಿದ ಹಣದ ವಿವರ ಇರುತ್ತದೆ. ಎರಡನೆಯದು ಸಂಬಳದ ಲೆಕ್ಕ, ಅದನ್ನು ಮಾಲೀಕರು ತಯಾರಿಸಬಹುದು. ನಮಗೆ ಕೊಟ್ಟದ್ದು ಎರಡನೆಯ ಭಾಗ ಮಾತ್ರ, ಸಂಸ್ಥೆಯ ಲೆಟರ್‌ಹೆಡ್ ಮೇಲೆ, ದುಂಡು ಮುದ್ರೆಯೊಂದಿಗೆ. ದಿನಕ್ಕೆ ನೂರಾರು ಸುದ್ದಿಗಳ ಮೂಲ ಯಾವುದೆಂದು ಕೇಳುವ ಏಳು ಜನ, ನಮ್ಮದೇ ಕಾಗದದ ಮೂಲ ಕೇಳಿರಲಿಲ್ಲ.

ಲೆಕ್ಕಪತ್ರ ನೋಡುತ್ತಿದ್ದವರು ತಾಂಡೂರಿನವರು. ತೆಲುಗು, ಕನ್ನಡ, ಹಿಂದಿ ಮೂರನ್ನೂ ಒಂದೇ ವಾಕ್ಯದಲ್ಲಿ ಆಡಬಲ್ಲ ಮನುಷ್ಯ. ಹೋಗಿ ಕೇಳಿದೆ.

"ನಮ್ಮ ಟ್ಯಾಕ್ಸ್ ಕಟ್ಟೀರೇನ್ರಿ?"

"ಕಟ್ ಆಗೇದ ಸರ, ಎಲ್ಲಾರ್ದೂ ಕಟ್ ಆಗೇದ. ಪ್ರತಿ ತಿಂಗಳ ಕಟ್. ನೀವ್ಯಾಕ ಪರೇಶಾನ್ ಆಗ್ತೀರಿ? ಸೈಟ್‌ನಾಗ ಅಪ್‌ಡೇಟ್ ಆಗಿರಲ್ಲ, ಬಸ್."

ಚಲನ್ ಸಂಖ್ಯೆ ಕೊಡಿ ಎಂದೆ. ಎರಡು ದಿನ ಬಿಟ್ಟು ವಾಟ್ಸಾಪಿನಲ್ಲಿ ಮೂರು ಸಂಖ್ಯೆ ಕಳಿಸಿದರು.

ಬಾಕಿಯ ನೋಟಿಸಿಗೆ ಜಾಲತಾಣದಲ್ಲೇ ಉತ್ತರ ಕೊಡಬಹುದು. ಬಾಕಿಯನ್ನು ಒಪ್ಪಬಹುದು, ಇಲ್ಲವೇ ಒಪ್ಪುವುದಿಲ್ಲ ಎಂದು ಕಾರಣ ಹೇಳಬಹುದು. ಕಾರಣಗಳ ಪಟ್ಟಿಯಲ್ಲಿ "ಈಗಾಗಲೇ ಪಾವತಿಸಲಾಗಿದೆ" ಎಂಬುದು ಮೊದಲು ಕಂಡಿತು. ಅದನ್ನು ಆರಿಸಿದರೆ ಚಲನ್ ಸಂಖ್ಯೆ ತುಂಬುವ ಜಾಗ ತೆರೆಯುತ್ತದೆ. ಸಂಖ್ಯೆ ಕೈಯಲ್ಲೇ ಇತ್ತು. ಅಕ್ಕೋರದು, ನನ್ನದು ಎರಡನ್ನೂ ತುಂಬಿದೆ. ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯದ ವಿವರಣೆ ಬರೆದೆ: ಮಾಲೀಕರು ನಮ್ಮ ತೆರಿಗೆಯನ್ನು ಪಾವತಿಸಿದ್ದಾರೆ, ದಾಖಲೆಯಲ್ಲಿ ಮೂಡಿಲ್ಲ, ಸರಿಪಡಿಸಿ. ಉಳಿದ ಐವರು ಅದನ್ನೇ ನಕಲು ಮಾಡಿಕೊಂಡರು. ಕೆಲಸ ಚೊಕ್ಕಟವಾಗಿ ಮುಗಿಯಿತು ಎಂದುಕೊಂಡು ಆ ಸಂಜೆ ಲಿಂಗಂಪಲ್ಲಿಯ ಲೋಕಲ್ ರೈಲು ಹತ್ತಿದೆ.

ದಸರೆ ಕಳೆದ ಮೇಲೆ ಉತ್ತರ ಬಂತು. ಬಾಕಿ ಇದ್ದಂತೆಯೇ ಇತ್ತು. ಕೊಟ್ಟ ಚಲನ್‌ಗಳು ಏಪ್ರಿಲ್‌ನಿಂದ ಜೂನ್‌ವರೆಗಿನವು, ಅವುಗಳ ಹಣವನ್ನು ಈಗಾಗಲೇ ಲೆಕ್ಕಕ್ಕೆ ಹಿಡಿದಾಗಿದೆ. ಬಾಕಿಯ ಮೇಲೆ ತಿಂಗಳಿಗೆ ಶೇಕಡಾ ಒಂದರಂತೆ ಬಡ್ಡಿ ಏರತೊಡಗಿತ್ತು. ಮುಂದೆ ಯಾವ ಮರುಪಾವತಿ ಬರಬೇಕಾಗಿದ್ದರೂ ಅದನ್ನು ಈ ಬಾಕಿಗೆ ವಜಾ ಮಾಡಿಕೊಳ್ಳುವ ಸೂಚನೆಯೂ ಜತೆಗಿತ್ತು.

ಇಬ್ಬರು ಸಹೋದ್ಯೋಗಿಗಳು ತಮ್ಮ ಉಳಿತಾಯದಿಂದ ಹಣ ತೆತ್ತು ಕೈತೊಳೆದುಕೊಂಡರು. ಅವರನ್ನು ತಪ್ಪೆನ್ನಲಾರೆ. ಅಕ್ಕೋರೂ ಅದೇ ತೀರ್ಮಾನಕ್ಕೆ ಬಂದರು. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಅವರದೊಂದು ಠೇವಣಿ ಇತ್ತು. ತಿಂಗಳ ಬಡ್ಡಿಯಿಂದ ಮನೆ ಬಾಡಿಗೆಯ ಬಹುಪಾಲು ಹೋಗುತ್ತಿತ್ತು. ನಿವೃತ್ತಿಯ ನಂತರ ಅದೇ ಆಧಾರ, ನಮ್ಮ ಸಂಸ್ಥೆಯಲ್ಲಿ ಪಿಂಚಣಿ ಎಂಬುದು ಹೆಸರಿಗಷ್ಟೇ. ಆ ಠೇವಣಿಯಲ್ಲಿ ಬೇಕಾದಷ್ಟೇ ತೆಗೆಯಲು ಬರುವುದಿಲ್ಲ, ಮುರಿದರೆ ಇಡಿಯಾಗಿ ಮುರಿಯಬೇಕು.

"ಸೋಮವಾರ ಪೋಸ್ಟಿಗೆ ಹೋಗಾಕತ್ತೀನಿ ಸರ. ಮುರದ್ರ ಅದರಾಗೂ ಒಂದಿಷ್ಟು ಕಟ್ ಮಾಡ್ತಾರಂತ. ಎಲ್ಲಾರೂ ಕಟ್ ಮಾಡವ್ರ."

ಒಂದು ವಾರ ತಡೆಯಿರಿ ಎಂದೆ. ಅವರು ಕನ್ನಡಕ ಸರಿಮಾಡಿಕೊಂಡರು.

"ತಡೀತೀನಿ. ಆದ್ರ ನನ್ನ ಹೆಸರಲೆ ನೀವು ಏನ ಬರದ ಕಳಿಸೀರಿ, ಅದನ್ನ ಕೊಡ್ರಿ. ನಾ ಓದೇ ಇಲ್ಲ."

ನಿಜ. ಮೂರು ಸಾಲಿನ ಹವಾಮಾನ ಸುದ್ದಿಯೂ ಅವರ ಕಣ್ಣು ದಾಟದೆ ಹೋಗುತ್ತಿರಲಿಲ್ಲ. ಅವರದೇ ಹೆಸರಿನ ಕಾಗದವನ್ನು ನಾನು ತೋರಿಸದೆ ಕಳಿಸಿದ್ದೆ. ಪ್ರಿಂಟ್ ತೆಗೆದು ಕೊಟ್ಟೆ.

ಅವರು ಓದುವ ರೀತಿಯನ್ನು ಹನ್ನೊಂದು ವರ್ಷ ನೋಡಿದ್ದೇನೆ. ಎಡಗೈಯ ತೋರುಬೆರಳು ಪದದ ಕೆಳಗೆ ಇರುತ್ತದೆ, ಪದ ಮುಗಿಯುವವರೆಗೆ ಕದಲುವುದಿಲ್ಲ. ಆ ದಿನ ಬೆರಳು ಎರಡನೆಯ ವಾಕ್ಯದಲ್ಲಿ ನಿಂತಿತು. ಕೆಂಪು ಪೆನ್ನಿನಿಂದ ಒಂದು ಪದದ ಸುತ್ತ ಗೆರೆ ಎಳೆದರು. ಪಾವತಿಸಿದ್ದಾರೆ ಎಂಬ ಅರ್ಥದ ಇಂಗ್ಲಿಷ್ ಪದ ಅದು.

"ಇದನ್ನ ಯಾರು ನೋಡ್ಯಾರ ಸರ?"

"ಲೆಕ್ಕಪತ್ರದವರು ಹೇಳ್ಯಾರಲ್ಲ ಅಕ್ಕೋರೆ."

"ಅವರು ಏನಂದ್ರು? ಅವರ ಮಾತಿನಾಗ ಹೇಳ್ರಿ."

"ಕಟ್ ಆಗೇದ ಅಂದ್ರು."

"ಕಟ್ ಅಂದ್ರೋ, ಕಟ್ಟು ಅಂದ್ರೋ?"

ನಾನು ಕೇಳಿದ್ದು ಕಟ್ಟಿದ್ದೀರಾ ಎಂದು. ಅವರು ಹೇಳಿದ್ದು ಕತ್ತರಿಸಿದ್ದೇವೆ ಎಂದು. ನಡುವೆ ಒಂದು ಒತ್ತಕ್ಷರ. ಅದನ್ನು ನನ್ನ ಕಿವಿಯೇ ಸೇರಿಸಿಕೊಂಡಿತ್ತು. ಕಿವಿ ಸೇರಿಸಿದ್ದನ್ನು ಕೈ ಇಂಗ್ಲಿಷಿಗೆ ಅನುವಾದಿಸಿ, ಏಳು ಜನರ ಹೆಸರಿನಲ್ಲಿ ಸರ್ಕಾರಕ್ಕೆ ಕಳಿಸಿತ್ತು.

"ಕಟ್ ಮಾಡ್ಯಾರ, ಅದು ನಮಗ ಗೊತ್ತು. ಚೀಟಿ ಐತಿ, ಪಾಸ್‌ಬುಕ್ ಐತಿ. ಕಟ್ಯಾರೋ ಇಲ್ಲೋ ನಾವು ನೋಡಿಲ್ಲ. ನೋಡದ್ದನ್ನ ನೀವ ಹೆಂಗ ಬರದ್ರಿ?" ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ತಪ್ಪು ಕಾಗುಣಿತ ತೋರಿಸುವಾಗಿನ ಧ್ವನಿಯೇ ಅದು. "ಮತ್ತ ಇದರ ಮೂಲ ಪ್ರತಿ ಎಲ್ಲೈತಿ? ಕಾಯ್ದೆ ಏನ ಅಂತೈತಿ? ಮೂಲ ಇಲ್ಲದ ಪ್ರೂಫ್ ತಿದ್ದಾಕ ಬರೂದಿಲ್ರಿ ಸರ."

ಮರುದಿನ ಕಾಯ್ದೆಯ ಪಠ್ಯ ತಂದೆ. ಆಗ ಜಾರಿಯಲ್ಲಿದ್ದ ಕಾಯ್ದೆಯ 205ನೆಯ ಕಲಮು, ಒಂದೇ ವಾಕ್ಯ. ಮೂಲದಲ್ಲೇ ತೆರಿಗೆ ಕಡಿತವಾಗಬೇಕಾದ ಆದಾಯದಿಂದ ಎಷ್ಟು ತೆರಿಗೆ ಕಡಿತವಾಗಿದೆಯೋ ಅಷ್ಟನ್ನು ಆ ಆದಾಯ ಪಡೆದವರೇ ಕಟ್ಟಬೇಕೆಂದು ಕೇಳುವಂತಿಲ್ಲ ಎಂಬುದು ಅದರ ಸಾರ. ಅಕ್ಕೋರು ಬೆರಳಿಟ್ಟು ಮೂರು ಸಲ ಓದಿದರು. ನಾನು ಪಕ್ಕದಲ್ಲಿ ನಿಂತು ನಾಲ್ಕನೆಯ ಸಲ ಓದಿದೆ. ಅದರಲ್ಲಿ ಎಲ್ಲಿಯೂ ಪಾವತಿಯಾಗಿರಬೇಕು ಎಂದಿಲ್ಲ. ಕಡಿತವಾಗಿದ್ದರೆ ಸಾಕು.

ಸುದ್ದಿಮನೆಯಲ್ಲಿ ಪದಗಳ ತೂಕದ ಬಗ್ಗೆ ಬಹಳ ಮಾತಾಡುತ್ತೇವೆ. ಆರೋಪಿ, ಅಪರಾಧಿ ಎರಡೂ ಬೇರೆ ಎಂದು ಹೊಸಬರಿಗೆ ಪಾಠ ಹೇಳುತ್ತೇವೆ. ಆದರೆ ಒಂದು ಪದ ಇಷ್ಟು ಭಾರ ಹೊತ್ತು ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸರ್ಕಾರದ ಖಜಾನೆ ಒಂದು ಕಡೆ, ಬಾಡಿಗೆ ಮನೆಯ ಹೆಂಗಸು ಇನ್ನೊಂದು ಕಡೆ, ನಡುವೆ ಆ ಪದ. ನಾನು ಪಾವತಿ ಎಂದು ಬರೆದು ಅದನ್ನೇ ಹೊಡೆದುಹಾಕಿದ್ದೆ. ಪಾವತಿ ಎಂದವರು ಚಲನ್ ತೋರಿಸಬೇಕು. ಅದು ನಮ್ಮ ಕೈಯಲ್ಲಿರುವ ವಸ್ತುವಲ್ಲ. ಕಡಿತ ಎಂದವರು ಕಡಿತ ತೋರಿಸಿದರಾಯಿತು. ಅದರ ಸಾಕ್ಷ್ಯ ನಮ್ಮ ಮನೆಯಲ್ಲೇ ಇತ್ತು.

ಅಕ್ಕೋರು ಕಾಗದ ಮಡಚಿದರು. "ಪೋಸ್ಟಿಗೆ ಹೋಗೂದಿಲ್ಲ ಸರ. ಒಮ್ಮಿ ಕೊಟ್ಟೀನಿ. ಎರಡನೇ ಸಲ ಕೊಡೂದಿಲ್ಲ."

ಆ ತೀರ್ಮಾನದ ಬೆಲೆ ಅವರಿಗೆ ಗೊತ್ತಿತ್ತು. ಸತ್ಯ ಬರೆಯುವುದೆಂದರೆ ಇನ್ನೂ ಐದು ತಿಂಗಳು ಸಂಬಳ ಪಡೆಯಬೇಕಾದ ಸಂಸ್ಥೆಯ ಮೇಲೆ ಬರವಣಿಗೆಯಲ್ಲಿ ದೂರು ಕೊಡುವುದು. ವಿಷಯ ಹೇಗೋ ಲೆಕ್ಕಪತ್ರದವರ ಕಿವಿಗೆ ಬಿತ್ತು. ಮೆಟ್ಟಿಲಲ್ಲಿ ನನ್ನನ್ನು ತಡೆದರು. ಕೆಳಗಿನ ಕೋಚಿಂಗ್ ತರಗತಿ ಆಗಷ್ಟೇ ಬಿಟ್ಟು, ಹುಡುಗ ಹುಡುಗಿಯರು ಮೆಟ್ಟಿಲು ತುಂಬಿದ್ದರು.

"ಮಾಲಕ ಸಾಹೇಬ್ರು ಗುಸ್ಸಾ ಆಗ್ತಾರ ಸರ. ಮಾರ್ಚ್ ತನಕ ತಡೀರಿ, ಕಂಪನಿಗಿ ಬರೋ ಪೇಮೆಂಟ್ ಬಂದ್ರ ಎಲ್ಲಾ ತುಂಬ್ತೀವಿ."

"ನೀವು ಕಟ್ಟೇವಿ ಅಂದಿದ್ರಲ್ಲ?"

"ನಾ ಕಟ್ ಅಂದಿದ್ದೆ ಸರ. ನೀವು ಕಟ್ಟು ಅಂತ ಕೇಳಿಸ್ಕೊಂಡ್ರಿ. ನಾ ಸುಳ್ಳ ಹೇಳಿಲ್ಲ." ಇಳಿಯುತ್ತಿದ್ದ ಹುಡುಗರಿಗೆ ದಾರಿ ಬಿಟ್ಟು, ಸಣ್ಣ ಧ್ವನಿಯಲ್ಲಿ ಹೇಳಿದರು: "ನಂದೂ ಕಟ್ಟಿಲ್ರಿ. ನಂಗೂ ನೋಟಿಸ್ ಬಂದದ."

ಆ ಭಾನುವಾರ ಬೆಳಿಗ್ಗೆ ಕುಷಾಯಿಗೂಡಕ್ಕೆ ಹೋದೆ. ಎರಡು ಕೋಣೆಯ ಮನೆ. ಗೋಡೆಯ ಕಪಾಟಿನಿಂದ ಅಕ್ಕೋರು ಒಂದು ರಟ್ಟಿನ ಫೈಲು ತೆಗೆದರು. ಪ್ರತಿ ತಿಂಗಳ ಸಂಬಳದ ಚೀಟಿ ಪ್ರಿಂಟ್ ಆಗಿ, ಬಂದ ತಾರೀಖು ಮೂಲೆಯಲ್ಲಿ ಬರೆದು, ಅನುಕ್ರಮವಾಗಿ ಹೊಲಿದಿತ್ತು. ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ ತುಂಬಿಸಿಕೊಂಡು ಬಂದಿದ್ದರು. ನನ್ನ ಚೀಟಿಗಳು ಸಂಸ್ಥೆಯ ಇ-ಮೇಲಿನಲ್ಲೇ ಇದ್ದವು, ಕೆಲಸ ಬಿಟ್ಟ ದಿನ ಅವು ನನಗೆ ಸಿಗುತ್ತಿರಲಿಲ್ಲ.

"ಈಕಿ ನಮ್ಮ ಮದುವಿ ಕಾರ್ಡನ್ನೂ ತಿದ್ದ್ಯಾಳ್ರಿ," ಎಂದರು ಅಕ್ಕೋರ ಯಜಮಾನರು, ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. "ನಮ್ಮ ಅಪ್ಪನ ಹೆಸರಿಗೆ ದೀರ್ಘ ಹಾಕಿ ವಾಪಸ್ ಕಳಿಸಿದ್ಲು. ಆಗ ಅಂದ್ಕೊಂಡೆ, ಈ ಮನ್ಯಾಗ ಸುಳ್ಳ ನಡೆಯೂದಿಲ್ಲ ಅಂತ."

"ದೀರ್ಘ ಇರ್ಬೇಕಾಗಿತ್ತು. ನೀವು ಓದ್ರಿ ಈಗ."

ಹಳೆಯ ಮುದ್ರಣಾಲಯಗಳಲ್ಲಿ ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಡುವುದು ರೂಢಿ. ಅಕ್ಕೋರು ಅದನ್ನೇ ಮಾಡಿಸಿದರು. ಯಜಮಾನರು ಚೀಟಿ ಓದುವುದು: ಒಟ್ಟು ಸಂಬಳ, ಭವಿಷ್ಯನಿಧಿ, ತೆರಿಗೆ, ಕೈಗೆ ಬಂದದ್ದು. ಅಕ್ಕೋರ ಬೆರಳು ಪಾಸ್‌ಬುಕ್ಕಿನ ಸಾಲಿನ ಮೇಲೆ. ನಾನು ಮೂರನೆಯ ಹಾಳೆಯಲ್ಲಿ ತಿಂಗಳು, ಕಡಿತ, ಜಮೆ ಬರೆದುಕೊಳ್ಳುವುದು. ಜುಲೈ ಸರಿ. ಆಗಸ್ಟ್ ಸರಿ. ಸೆಪ್ಟೆಂಬರಿನಲ್ಲಿ ಬೆರಳು ನಿಂತಿತು. ಚೀಟಿಯಲ್ಲಿ ಇದ್ದುದಕ್ಕಿಂತ ಮುನ್ನೂರು ರೂಪಾಯಿ ಕಡಿಮೆ ಜಮೆಯಾಗಿತ್ತು.

ಒಂದು ತಿಂಗಳು ತಾಳೆಯಾಗದಿದ್ದರೂ ಉಳಿದ ಎಂಟರ ಮೇಲೆ ಅನುಮಾನ ಬರುತ್ತದೆ. ನಾನು ಆ ಮಾತು ಆಡುವ ಮೊದಲೇ ಅಕ್ಕೋರು ಪಾಸ್‌ಬುಕ್ಕನ್ನು ಓರೆಯಾಗಿ ಹಿಡಿದರು. ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ: "ಬತುಕಮ್ಮ 300." ತೆಲುಗರ ಹೂವಿನ ಹಬ್ಬ ಬತುಕಮ್ಮಕ್ಕೆಂದು ಕಚೇರಿಯಲ್ಲಿ ಎಲ್ಲರಿಂದಲೂ ಚಂದಾ ಎತ್ತಿದ್ದರು, ಅದನ್ನು ಚೀಟಿಯಲ್ಲಿ ತೋರಿಸದೆ ಸಂಬಳದಲ್ಲೇ ಹಿಡಿದಿದ್ದರು. ಹಾಗೆ ಹಿಡಿಯುವುದಾಗಿ ಕಚೇರಿ ಕಳಿಸಿದ್ದ ಸಂದೇಶ ನನ್ನ ಫೋನಿನಲ್ಲಿ ಇನ್ನೂ ಇತ್ತು. ಅದನ್ನೂ ಜತೆಗಿಟ್ಟೆವು.

ಪುಂಡಿಪಲ್ಯ, ರೊಟ್ಟಿ ಊಟ ಮಾಡಿ ಹೊರಟಾಗ ಒಂಬತ್ತೂ ತಿಂಗಳು ತಾಳೆಯಾಗಿದ್ದವು. ಬಸ್ಸಿನಲ್ಲಿ ಆ ಪೆನ್ಸಿಲ್ ಅಕ್ಷರವೇ ಕಣ್ಣ ಮುಂದಿತ್ತು. ಯಾರೂ ಕೇಳದಿದ್ದಾಗ, ಯಾವ ನೋಟಿಸೂ ಬರದಿದ್ದಾಗ ಅವರು ಅದನ್ನು ಬರೆದಿಟ್ಟಿದ್ದರು. ನಾವು ದಾಖಲೆ ದಾಖಲೆ ಎಂದು ದೊಡ್ಡದಾಗಿ ಹೇಳುವುದು ಇದನ್ನೇ ಇರಬೇಕು.

ಹೊಸ ಉತ್ತರವನ್ನು ಅಕ್ಕೋರೇ ತಿದ್ದಿದರು. ಈ ಸಲ "ಇತರೆ ಕಾರಣ" ಎಂಬುದನ್ನು ಆರಿಸಿದೆವು. ತೆರಿಗೆ ನಮ್ಮ ಸಂಬಳದಿಂದ ಕಡಿತವಾಗಿದೆ, ಚೀಟಿ ಮತ್ತು ಪಾಸ್‌ಬುಕ್ ಲಗತ್ತಿಸಿದೆ, ಮಾಲೀಕರು ಅದನ್ನು ಸಲ್ಲಿಸಿದ್ದಾರೆಯೇ ಎಂಬುದು ನಮಗೆ ಗೊತ್ತಿಲ್ಲ, 205ನೆಯ ಕಲಮಿನಂತೆ ನಮ್ಮಿಂದ ಕೇಳಬಾರದು. ಹಿಂದಿನ ಉತ್ತರದಲ್ಲಿ ಪಾವತಿಯಾಗಿದೆ ಎಂದದ್ದು ನಮ್ಮ ತಪ್ಪು ಎಂದೂ ಸೇರಿಸಿದರು. ಅದು ಬೇಡವೇನೋ ಎಂದೆ.

"ತಿದ್ದುಪಡಿ ಹಾಕದ ಪತ್ರಿಕಿ ಯಾರು ನಂಬ್ತಾರ ಸರ?"

ಆನ್‌ಲೈನ್ ಉತ್ತರ ಕಳಿಸಿ, ಅದರದೇ ಪ್ರತಿಗಳೊಂದಿಗೆ ನಾವಿಬ್ಬರೂ ತೆರಿಗೆ ಕಚೇರಿಗೆ ಹೋದೆವು. ಎರಡು ಸಲ ಅಧಿಕಾರಿ ಸಭೆಯಲ್ಲಿದ್ದರು. ಮೂರನೆಯ ಸಲ ಸಿಕ್ಕರು. ಐವತ್ತರ ಆಸುಪಾಸಿನ ಹೆಂಗಸು, ಮೇಜಿನ ತುಂಬ ಫೈಲು. ಮೊದಲ ಪುಟ ಓದಿ, ತಲೆ ಎತ್ತದೆ ತೆಲುಗಿನಲ್ಲಿ ಕೇಳಿದರು:

"ಕಟ್ ಚೇಶಾರಾ, ಕಟ್ಟಾರಾ ಅಮ್ಮಾ?"

ನಾನು ಅಕ್ಕೋರ ಮುಖ ನೋಡಿದೆ. ತೆಲುಗಿನಲ್ಲೂ ಅದೇ ಎರಡು ಪದ, ಅದೇ ಒತ್ತಕ್ಷರ. ಕತ್ತರಿಸಿದರೋ, ಕಟ್ಟಿದರೋ. ಎಷ್ಟು ಜನ ಆ ಮೇಜಿನ ಮುಂದೆ ಕೂತು ತಪ್ಪು ಪದ ಹೇಳಿ ಎದ್ದು ಹೋಗಿದ್ದಾರೋ, ಆಕೆಗೆ ಕೇಳಿ ಕೇಳಿ ರೂಢಿಯಾಗಿತ್ತು.

"ಕಟ್ ಚೇಶಾರು ಮೇಡಂ," ಎಂದರು ಅಕ್ಕೋರು. "ಕಟ್ಟಾರೋ ಲೇದೋ, ಅದಿ ಮೀರೇ ಚೂಡಾಲಿ." ಕತ್ತರಿಸಿದ್ದಾರೆ; ಕಟ್ಟಿದ್ದಾರೋ ಇಲ್ಲವೋ, ಅದನ್ನು ನೀವೇ ನೋಡಬೇಕು.

ಅಧಿಕಾರಿ ಆಗ ತಲೆ ಎತ್ತಿದರು. ಹೊಲಿದ ಫೈಲನ್ನು ತಮ್ಮತ್ತ ಎಳೆದುಕೊಂಡು ಮೊದಲಿಂದ ಕೊನೆಯವರೆಗೆ ನೋಡಿದರು. ಬತುಕಮ್ಮನ ಹತ್ತಿರ ಮಾತ್ರ ಒಮ್ಮೆ ನಕ್ಕರು. ಬಾಕಿಯ ವಸೂಲಿಯನ್ನು ತಡೆಹಿಡಿಯುವುದಾಗಿ, ಮಾಲೀಕರ ಬಗ್ಗೆ ಮೂಲದಲ್ಲೇ ಕಡಿತವಾಗುವ ತೆರಿಗೆ ನೋಡುವ ವಿಭಾಗಕ್ಕೆ ಬರೆಯುವುದಾಗಿ ಹೇಳಿದರು. ಒಂದನ್ನು ಸ್ಪಷ್ಟಪಡಿಸಿದರು: ಮಾಲೀಕರು ಹಣ ಸಲ್ಲಿಸಿ ವಿವರಣಪಟ್ಟಿ ಕೊಡುವವರೆಗೆ ಆ ಮೊತ್ತ ನಿಮ್ಮ ಖಾತೆಗೆ ಜಮೆ ಕಾಣುವುದಿಲ್ಲ, ಬಾಕಿ ತೆರೆಯ ಮೇಲೆ ಇದ್ದೇ ಇರುತ್ತದೆ, ಆದರೆ ನಿಮ್ಮನ್ನು ಕೇಳುವುದಿಲ್ಲ. ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದೆವು. ಹಣ ಕಟ್ಟದೆ ಉಳಿದ ಇತರರೂ ಆ ವಾರ ತಮ್ಮ ಉತ್ತರ ಬದಲಿಸಿದರು. ಲೆಕ್ಕಪತ್ರದವರು ನನ್ನಿಂದ ಕರಡು ಕೇಳಿ ಪಡೆದರು.

ಮಾರ್ಚ್ ಕೊನೆಯಲ್ಲಿ ಅಕ್ಕೋರು ನಿವೃತ್ತರಾದರು. ಮಾಲೀಕರು ಬೀಳ್ಕೊಡುಗೆಗೆ ಬರಲಿಲ್ಲ. ಬಾಕಿ ತೆರೆಯ ಮೇಲೆ ಹಾಗೇ ಇತ್ತು, ವಸೂಲಿ ತಡೆಯಲಾಗಿದೆ ಎಂಬ ಟಿಪ್ಪಣಿಯೊಂದಿಗೆ. ಅಂಚೆ ಕಚೇರಿಯ ಠೇವಣಿಯೂ ಹಾಗೇ ಇತ್ತು.

ಈಗ ನಾನು ಮೂರು ತಿಂಗಳಿಗೊಮ್ಮೆ 26ಎಎಸ್ ತೆರೆದು ನೋಡುತ್ತೇನೆ. ಮಾಲೀಕರು ತ್ರೈಮಾಸಿಕ ವಿವರಣಪಟ್ಟಿ ಕೊಡಬೇಕಾದ ಗಡುವು ಮುಗಿದು ಎರಡು ವಾರಕ್ಕೆ. ಡೆಸ್ಕಿಗೆ ಹೊಸಬರು ಸೇರಿದರೆ ಲಾಗಿನ್ ಕೊಟ್ಟ ದಿನವೇ ಅವರಿಗೂ ಇದನ್ನು ಹೇಳುತ್ತೇನೆ, ಚೀಟಿಗಳನ್ನು ತಮ್ಮ ಸ್ವಂತ ವಿಳಾಸಕ್ಕೆ ಕಳಿಸಿಕೊಳ್ಳಿ ಎಂದೂ ಹೇಳುತ್ತೇನೆ. ಅಕ್ಕೋರು ನಿವೃತ್ತರಾದ ವರ್ಷದ ಜೂನಿನಲ್ಲಿ ಹಾಗೆ ತೆರೆದಾಗ, ಖಾಲಿಯಿದ್ದ ಆ ಒಂಬತ್ತು ತಿಂಗಳು ತುಂಬಿದ್ದವು. ಇಲಾಖೆ ಕರೆಸಿದ ಮೇಲೆ ಸಂಸ್ಥೆ ಬಡ್ಡಿ, ದಂಡ ಸಹಿತ ಸಲ್ಲಿಸಿತ್ತು. ಎರಡನೇ ಸಲ ಕಟ್ಟಿದ್ದ ಇಬ್ಬರು ಮರುಪಾವತಿಗೆ ಅರ್ಜಿ ಹಾಕಿದರು.

ಅಕ್ಕೋರಿಗೆ ಫೋನ್ ಮಾಡಿ ಹೇಳಿದೆ. ತಮ್ಮ ಲಾಗಿನ್ ಕೊಟ್ಟು, "ಪ್ರಿಂಟ್ ತರ್ರಿ," ಎಂದರು.

ಅವರ ಪಟ್ಟಿಯ ಪ್ರಿಂಟ್ ತೆಗೆದುಕೊಂಡು ಹೋದೆ. ಯಜಮಾನರು ಚೀಟಿಗಳನ್ನು ಗಟ್ಟಿಯಾಗಿ ಓದಿದರು, ಅಕ್ಕೋರ ಬೆರಳು ಪ್ರಿಂಟಿನ ಒಂಬತ್ತು ಸಾಲು ಇಳಿಯಿತು, ಎಲ್ಲಿಯೂ ನಿಲ್ಲಲಿಲ್ಲ. ಕೊನೆಯ ಸಾಲು ಮುಗಿದ ಮೇಲೆ ಅಕ್ಕೋರು ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ಬಾಕಿಯನ್ನು ತೆಗೆದುಹಾಕಿ ಎಂದು ಇಲಾಖೆಗೆ ಬರೆಯಬೇಕಾದ ತಿದ್ದುಪಡಿ ಅರ್ಜಿಗೆಂದು ನಾನು ಬಿಳಿ ಹಾಳೆ ತೆಗೆದಿದ್ದೆ.

"ಈಗ ಬರೀರಿ ಸರ," ಎಂದರು. "ಕಟ್ಯಾರ."